ದರೋಜಿಯ ನೆಲಕ್ಕೆ ಎರಡು ಶಾಕಿನ ಸೈಕಲ್

ದರೋಜಿ ಎಂದ ಕೂಡಲೇ ಬಳ್ಳಾರಿ ಸೀಮೆಯವರಿಗೆ ಈರಮ್ಮನವರ ಬುರ್ರಕಥೆ ನೆನಪಾಗುತ್ತದೆ, ಆಮೇಲೆ ಕರಡಿ. ನನಗೆ ಮೊದಲು ನೆನಪಾಗುವುದು ಅಲ್ಲಿನ ನೆಲ. ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿಕೊಂಡು ಸುತ್ತ ನೋಡಿದರೆ ಒಂದು ಕಡೆ ಹಂಪಿಯ ಕಲ್ಲುಗುಂಡುಗಳ ದಿಕ್ಕು, ಉತ್ತರಕ್ಕೆ ಕಂಪ್ಲಿಯ ಗದ್ದೆ ಬಾಳೆತೋಟ, ಮತ್ತೊಂದು ಕಡೆ ಸಂಡೂರಿನ ಕೆಂಪು ಬೆಟ್ಟದ ಸಾಲು, ಕಾಲ ಬುಡದಲ್ಲೇ ಕುರುಚಲು ಕಾಡು. ಹಾಸುಬಂಡೆ, ಗರಸು, ಉಸುಕು, ಎರೆಮಣ್ಣು, ಅದಿರಿನ ಧೂಳು, ಈ ಐದೂ ಒಂದೇ ದಿನದ ಸವಾರಿಯಲ್ಲಿ ಟಯರಿಗೆ ಮೆತ್ತುವ ಇನ್ನೊಂದು ಊರನ್ನು ಕರ್ನಾಟಕದಲ್ಲಿ ನಾನು ಕಂಡಿಲ್ಲ. ಬೆಳಿಗ್ಗೆ ಬಳ್ಳಾರಿ ಜಿಲ್ಲೆಯಲ್ಲಿ ಹೊರಟು, ವಿಜಯನಗರ ಜಿಲ್ಲೆ ದಾಟಿ, ಬುಕ್ಕಸಾಗರದ ಹತ್ತಿರ ತುಂಗಭದ್ರೆಯ ಸೇತುವೆ ಹಾಯ್ದರೆ ಕೊಪ್ಪಳ ಜಿಲ್ಲೆಯ ಆನೆಗೊಂದಿ ಸೀಮೆ. ಮೂರು ಜಿಲ್ಲೆ, ಐದು ನೆಲ.

ಆದ್ದರಿಂದ ಸೈಕಲ್ ಗೆಳೆಯರ ನಡುವೆ ಮತ್ತೆ ಮತ್ತೆ ಏಳುವ ಒಂದು ಪ್ರಶ್ನೆಯನ್ನು ಇಲ್ಲೇ ನಿಂತು ಬಿಡಿಸಿ ನೋಡಬೇಕೆನ್ನಿಸಿತು. ಮೌಂಟನ್ ಬೈಕಿಗೆ ಮುಂದಿನ ಫೋರ್ಕಿನಲ್ಲಿ ಶಾಕ್ ಇದ್ದರೆ ಸಾಕೋ, ಹಿಂದಿನ ಗಾಲಿಗೂ ಬೇಕೋ? ಮುಂದೆ ಮಾತ್ರ ಶಾಕ್ ಇದ್ದು ಹಿಂಬದಿ ಗಟ್ಟಿಯಾಗಿರುವುದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ. ಎರಡೂ ಕಡೆ ಇದ್ದರೆ ಫುಲ್ ಸಸ್ಪೆನ್ಶನ್. ನಾನಿಲ್ಲಿ ಮಾತಾಡುತ್ತಿರುವುದು ಬೆಟ್ಟದ ತುದಿಯಿಂದ ಧುಮುಕುವ ಡೌನ್‌ಹಿಲ್ ಸೈಕಲ್ಲಿನ ಬಗ್ಗೆಯಲ್ಲ, ಕ್ರಾಸ್ ಕಂಟ್ರಿ ಸೈಕಲ್ಲಿನ ಬಗ್ಗೆ. ಹತ್ತುವುದನ್ನೂ ಇಳಿಯುವುದನ್ನೂ ಒಂದೇ ಸಮನೆ ಮಾಡಬೇಕಾದ, ಗಾಲಿ 100ರಿಂದ 120 ಮಿಲಿಮೀಟರಿನಷ್ಟು ಮಾತ್ರ ಮೇಲೆ ಕೆಳಗೆ ಆಡುವ, ಹಗುರವಾದ ಫ್ರೇಮು. ಇದು ಹೇಗೆ ಓಡುತ್ತದೆ, ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದೇ ವಿಷಯ. ಬಹಳ ವರ್ಷ ಹಾರ್ಡ್‌ಟೇಲ್ ತುಳಿದು, ಆಮೇಲೆ ಎರಡು ಶಾಕಿನದಕ್ಕೆ ಬಂದವನು ನಾನು.

ಮೊದಲು ಒಂದು ಅಪನಂಬಿಕೆಯನ್ನು ತೆಗೆಯಬೇಕು. ಇಪ್ಪತ್ತು ವರ್ಷದ ಹಿಂದೆ ನಮ್ಮ ಊರುಗಳ ಅಂಗಡಿಗಳಿಗೆ ಡಬಲ್ ಶಾಕಿನ ಗೇರ್ ಸೈಕಲ್ಲುಗಳು ಬಂದವು. ಸೀಟಿನ ಕೆಳಗೆ ಕೆಂಪೋ ಹಳದಿಯೋ ಬಣ್ಣದ ದಪ್ಪ ಸ್ಪ್ರಿಂಗು, ನೋಡಲು ಮೋಟರ್ ಸೈಕಲ್ಲಿನ ಗತ್ತು. ತುಳಿದರೆ ಮಾತ್ರ ಪ್ರತಿ ತುಳಿತಕ್ಕೂ ಸೀಟು ತೊಟ್ಟಿಲಿನಂತೆ ಏರಿಳಿಯುತ್ತಿತ್ತು. ಸ್ಪ್ರಿಂಗಿಗೆ ಲಗಾಮು ಹಾಕುವ ಎಣ್ಣೆಯ ಡ್ಯಾಂಪರ್ ಇರಲಿಲ್ಲ, ತೂಕ ಹೆಣಭಾರ, ಕೀಲುಗಳಲ್ಲಿ ಬೇರಿಂಗ್ ಇಲ್ಲದೆ ಬರೀ ಪ್ಲಾಸ್ಟಿಕ್ ಬುಶ್. ಆರು ತಿಂಗಳಿಗೆ ಹಿಂಬದಿ ಅತ್ತಿತ್ತ ಓಲಾಡತೊಡಗುತ್ತಿತ್ತು. ಹಿಂದೆ ಶಾಕ್ ಇದ್ದರೆ ಕಾಲಿನ ಕಸುವೆಲ್ಲ ಸ್ಪ್ರಿಂಗಿನ ಪಾಲು ಎಂಬ ಮಾತು ನಮ್ಮಲ್ಲಿ ಬೇರು ಬಿಟ್ಟದ್ದು ಆಗ. ಆ ಸೈಕಲ್ಲುಗಳ ಮಟ್ಟಿಗೆ ಅದು ನಿಜವೇ. ಆದರೆ ಕೆಟ್ಟ ಕೊಳಲನ್ನು ಕೇಳಿ ಕೊಳಲೇ ಬೇಡವೆಂದಂತಾಯಿತು.

ಹಿಂದಿನ ಶಾಕ್ ಇರುವುದು ಕುಂಡಿಗೆ ಸುಖವಾಗಲೆಂದು ಅಂತಲೇ ಹಲವರು ತಿಳಿದಿದ್ದಾರೆ. ಸುಖ ಅದರ ಎರಡನೆಯ ಫಲ. ಮೊದಲನೆಯದು ಹಿಂದಿನ ಟಯರು ನೆಲ ಬಿಡದಂತೆ ನೋಡಿಕೊಳ್ಳುವುದು. ಮುಷ್ಟಿ ಗಾತ್ರದ ಕಲ್ಲಿಗೆ ಹಾರ್ಡ್‌ಟೇಲಿನ ಹಿಂದಿನ ಗಾಲಿ ತಾಗಿದಾಗ ಏರಬೇಕಾಗುವುದು ಗಾಲಿಯೊಂದೇ ಅಲ್ಲ, ಗಾಲಿಯ ಜೊತೆ ಫ್ರೇಮು, ಫ್ರೇಮಿನ ಜೊತೆ ಸೀಟಿನ ಮೇಲೆ ಕೂತವನ ಸೊಂಟ. ಅಷ್ಟು ತೂಕವನ್ನು ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ಮುಂದೆ ಓಡುತ್ತಿದ್ದ ವೇಗದಿಂದ. ಕಲ್ಲಿನಿಂದ ಕಲ್ಲಿಗೆ ಸೈಕಲ್ ನಿಧಾನವಾಗುವುದು ಇದಕ್ಕೇ. ಜೊತೆಗೆ, ನೆಗೆದ ಗಾಲಿ ಗಾಳಿಯಲ್ಲಿರುವ ಆ ಕ್ಷಣದಲ್ಲಿ ತುಳಿದದ್ದೂ ವ್ಯರ್ಥ, ಬ್ರೇಕ್ ಹಿಡಿದದ್ದೂ ವ್ಯರ್ಥ. ಶಾಕ್ ಇರುವ ಫ್ರೇಮಿನಲ್ಲಿ ಏರುವುದು ಗಾಲಿ ಮತ್ತು ಅದನ್ನು ಹಿಡಿದ ಹಿಂಬದಿಯ ಕವಲು ಮಾತ್ರ. ಸವಾರನ ಸೊಂಟ ಮಟ್ಟಸವಾಗಿಯೇ ಮುಂದೆ ಸಾಗುತ್ತದೆ. ನಮ್ಮ ಟಾಂಗಾದವರು ಗಾಡಿಗೆ ಕಮಾನು ಕಟ್ಟಿದ್ದೂ, ಸಂಡೂರಿನ ಅದಿರು ಲಾರಿಗಳ ಅಡಿಯಲ್ಲಿ ಕಮಾನು ಪಟ್ಟಿಗಳ ಕಟ್ಟು ಇರುವುದೂ ಇದೇ ಲೆಕ್ಕಕ್ಕೆ. ಸೈಕಲ್ಲಿಗೆ ಆ ಲೆಕ್ಕ ತಡವಾಗಿ ಬಂತು, ಅಷ್ಟೆ.

ತಡವಾದದ್ದಕ್ಕೆ ಕಾರಣವಿದೆ. ಲಾರಿಗೆ ಎಂಜಿನ್ ಇದೆ, ಅದರ ಎಳೆತ ಒಂದೇ ಸಮ. ಸೈಕಲ್ಲಿಗೆ ಇರುವುದು ಎರಡು ಕಾಲು. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಕಸುವು ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ಏರಿಳಿತ ಸ್ಪ್ರಿಂಗಿನೊಂದಿಗೆ ತಾಳ ಹಾಕಿದರೆ ಸೈಕಲ್ ಕುಣಿಯುತ್ತದೆ. ಇಂಗ್ಲಿಷಿನವರು ಇದನ್ನು ಬಾಬ್ ಎನ್ನುತ್ತಾರೆ. ಕಾಲು ಶತಮಾನದ ಫ್ರೇಮ್ ವಿನ್ಯಾಸವೆಲ್ಲ ಈ ಕುಣಿತವನ್ನು ನಿಲ್ಲಿಸುವ ಹೋರಾಟ. ಹಿಂದಿನ ಗಾಲಿ ನೆಲದ ಮಾತನ್ನು ಕೇಳಬೇಕು, ಕಾಲಿನ ಮಾತನ್ನು ಕೇಳಬಾರದು. ಯಾವುದೇ ಫ್ರೇಮನ್ನು ನಾನು ಅಳೆಯುವುದು ಈ ಒಂದು ಮಾತಿನಿಂದ.

ಮೌಂಟನ್ ಬೈಕು ಹುಟ್ಟಿದ್ದು ಇಂಥ ಯೋಚನೆಯಿಂದಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಜೋ ಬ್ರೀಝ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮುಂತಾದ ಹುಡುಗರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸಿ ಪಂದ್ಯ ಕಟ್ಟಿದರು. ಒಂದು ಇಳಿತಕ್ಕೆ ಹಿಂದಿನ ಹಬ್ಬಿನೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಆ ದಾರಿಗೆ ರಿಪ್ಯಾಕ್ ಎಂದು ಹೆಸರು ಬಿದ್ದದ್ದು ಅದರಿಂದ. ಅವರ ಆ ಭಾರದ ಸೈಕಲ್ಲುಗಳ ಚಿತ್ರ ನೋಡಿದಾಗಲೆಲ್ಲ ನನಗೆ ನಮ್ಮ ಹಾಲಿನವರ ಕರಿ ಸೈಕಲ್ ನೆನಪಾಗುತ್ತದೆ. ಉದ್ದನೆಯ ಗಾಲಿ ಅಂತರ, ಮುಂದಕ್ಕೆ ಚಾಚಿದ ಫೋರ್ಕು, ಸೀಟಿನ ಅಡಿ ಎರಡು ಸ್ಪ್ರಿಂಗು. ಅದರ ಹ್ಯಾಂಡಲ್ ಕೊಳವೆ ನೆಲಕ್ಕೆ ಸುಮಾರು 67–68 ಡಿಗ್ರಿ ಕೋನದಲ್ಲಿ ಒರಗಿರುತ್ತದೆ. ಇಂದಿನ ಕ್ರಾಸ್ ಕಂಟ್ರಿ ಫ್ರೇಮುಗಳು ಬಂದು ನಿಂತಿರುವುದೂ ಅದೇ ಕೋನದ ಹತ್ತಿರ. ನಡುವಿನ ಕೆಲವು ದಶಕ ಅವು ರಸ್ತೆ ಪಂದ್ಯದ ಸೈಕಲ್ಲನ್ನು ನೋಡಿ 70–71 ಡಿಗ್ರಿಗೆ ನೆಟ್ಟಗಾಗಿದ್ದವು. ಆ ಸೈಕಲ್ಲುಗಳು ಇಳಿಜಾರಿನಲ್ಲಿ ಸವಾರನನ್ನು ಹ್ಯಾಂಡಲಿನ ಮೇಲಿಂದ ಎಸೆಯಲು ಸದಾ ಸಿದ್ಧವಾಗಿರುತ್ತಿದ್ದವು. ಎರಡು ಹಾಲಿನ ಕ್ಯಾನು ತೂಗಿಕೊಂಡು ಗರಸಿನ ಇಳಿಜಾರಿನಲ್ಲಿ ಒಂದು ಕೈ ಬಿಟ್ಟು ಬರುವ ನಮ್ಮ ಹಾಲಿನವರ ಸೈಕಲ್ಲಿಗೆ ಆ ಭಯ ಎಂದೂ ಇರಲಿಲ್ಲ.

ಪಂದ್ಯಗಳ ಲೋಕದಲ್ಲಿ ಹಿಂದಿನ ಶಾಕಿಗೆ ಮರ್ಯಾದೆ ಬಂದದ್ದು ನಿಧಾನವಾಗಿ. 1996ರ ಅಟ್ಲಾಂಟಾದಲ್ಲಿ ಕ್ರಾಸ್ ಕಂಟ್ರಿ ಮೊದಲ ಸಲ ಒಲಿಂಪಿಕ್ಸಿಗೆ ಸೇರಿತು. ಆದರೆ ಏರುದಾರಿಯಲ್ಲಿ ಒಂದು ಕಿಲೋ ಹೆಚ್ಚಿದ್ದರೂ ಸೋತಂತೆ ಎಂಬ ಲೆಕ್ಕದಲ್ಲಿ ಮುಂಚೂಣಿಯ ಸವಾರರು ಬಹುಕಾಲ ಹಾರ್ಡ್‌ಟೇಲ್ ಬಿಡಲಿಲ್ಲ. 2012ರ ಲಂಡನ್ ಒಲಿಂಪಿಕ್ಸಿಗೆ ಹ್ಯಾಡ್ಲಿ ಫಾರ್ಮಿನಲ್ಲಿ ಕಲ್ಲುಬಂಡೆಗಳನ್ನು ತಂದು ಜೋಡಿಸಿ ದಾರಿ ಕಟ್ಟಿದ್ದರು. ಕೊನೆಯ ಸುತ್ತಿನ ಕೊನೆಯ ತಿರುವಿನವರೆಗೂ ಇಬ್ಬರು ಅಂಟಿಕೊಂಡೇ ಬಂದರು: ಹಾರ್ಡ್‌ಟೇಲಿನ ಮೇಲೆ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್, ಎರಡು ಶಾಕಿನ ಸೈಕಲ್ಲಿನ ಮೇಲೆ ಚೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ. ಗೆದ್ದದ್ದು ಕುಲ್ಹಾವಿ, ಅಂತರ ಒಂದು ಸೆಕೆಂಡು. ಒಂದು ಸೆಕೆಂಡಿನಿಂದ ಫ್ರೇಮಿನ ಗುಣ ತೀರ್ಮಾನವಾಗುವುದಿಲ್ಲ, ನಿಜ. ಆದರೆ ಎರಡು ಶಾಕಿನ ಭಾರ ಹೊತ್ತವನು ಕೊನೆಯ ಓಟದಲ್ಲಿ ಹಿಂದೆ ಬೀಳಲಿಲ್ಲ ಎಂಬುದು ಎಲ್ಲರ ಕಣ್ಣಿಗೆ ಬಿತ್ತು. ನಾಲ್ಕು ವರ್ಷದ ನಂತರ ರಿಯೋದಲ್ಲಿ ಶುರ್ಟರ್ ತಾನೇ ಎರಡು ಶಾಕಿನ ಸೈಕಲ್ಲಿನಲ್ಲಿ ಬಂದು ಕುಲ್ಹಾವಿಯನ್ನು ಹಿಂದಿಕ್ಕಿ ಚಿನ್ನ ಗೆದ್ದ. ಟೋಕಿಯೊದಲ್ಲೂ 2024ರ ಪ್ಯಾರಿಸಿನಲ್ಲೂ ಗೆದ್ದ ಬ್ರಿಟನ್ನಿನ ಟಾಮ್ ಪಿಡ್ಕಾಕ್ ಏರಿದ್ದೂ ಅಂಥದ್ದನ್ನೇ.

ಇನ್ನು ಫ್ರೇಮಿನ ಒಳಗುಟ್ಟಿಗೆ ಬರೋಣ. ನಾವು ತುಳಿದಾಗ ಸೈಕಲ್ ಮುಂದಕ್ಕೆ ಜಿಗಿಯುತ್ತದೆ, ಮೈಭಾರ ಹಿಂದಕ್ಕೆ ಸರಿಯುತ್ತದೆ, ಹಿಂದಿನ ಶಾಕ್ ಕುಗ್ಗಲು ಹೊರಡುತ್ತದೆ. ಅದೇ ಹೊತ್ತಿಗೆ ಚೈನು ಹಿಂದಿನ ಗಾಲಿಯನ್ನು ಮುಂದಕ್ಕೆಳೆಯುತ್ತಿರುತ್ತದೆ. ಹಿಂಬದಿಯ ಕವಲು ತಿರುಗುವ ಕೀಲನ್ನು ಸರಿಯಾದ ಎತ್ತರದಲ್ಲಿಟ್ಟರೆ ಈ ಎಳೆತವೇ ಕವಲನ್ನು ಕೆಳಕ್ಕೆ ಒತ್ತಿ ಶಾಕ್ ಕುಗ್ಗದಂತೆ ತಡೆಯುತ್ತದೆ. ಈ ತಡೆಗೆ ಆಂಟಿ ಸ್ಕ್ವಾಟ್ ಎಂದು ಹೆಸರು. ಕುಗ್ಗುವ ಬಲ, ತಡೆಯುವ ಬಲ ಸಮಸಮವಾದರೆ ಅದನ್ನು ನೂರು ಪ್ರತಿಶತ ಎನ್ನುತ್ತಾರೆ. ತಡೆ ಕಡಿಮೆಯಾದರೆ ಸೈಕಲ್ ಕುಣಿಯುತ್ತದೆ. ಹೆಚ್ಚಾದರೆ ಬೇರೊಂದು ಕಾಟ: ಗಾಲಿ ಕಲ್ಲೇರಿದಾಗಲೆಲ್ಲ ಚೈನು ಬಿಗಿದು ಪೆಡಲನ್ನು ಹಿಂದಕ್ಕೆ ಜಗ್ಗುತ್ತದೆ, ಅಂಗಾಲಿಗೆ ಯಾರೋ ಕೆಳಗಿನಿಂದ ಗುದ್ದಿದ ಹಾಗೆ. ಮುಂದೆ ಮೂರು ಹಲ್ಲುಚಕ್ರಗಳಿದ್ದ ಕಾಲದಲ್ಲಿ ಒಂದಕ್ಕೆ ಹೊಂದಿಸಿದರೆ ಇನ್ನೊಂದಕ್ಕೆ ತಪ್ಪುತ್ತಿತ್ತು. 2012ರಲ್ಲಿ ಮುಂದೆ ಒಂದೇ ಚಕ್ರ, ಹಿಂದೆ ಹನ್ನೊಂದು ಎಂಬ ಏರ್ಪಾಟು ಬಂದ ಮೇಲೆ ವಿನ್ಯಾಸಕಾರರ ಕೆಲಸ ಸಲೀಸಾಯಿತು. ಇಂದಿನ ಫ್ರೇಮು ಹಳೆಯದಕ್ಕಿಂತ ಚೆನ್ನಾಗಿ ಹತ್ತುವುದರ ಅರ್ಧ ಗುಟ್ಟು ಈ ಸಣ್ಣ ಬದಲಾವಣೆಯಲ್ಲಿದೆ ಎಂದೇ ನನ್ನ ಅಂದಾಜು.

ಕೀಲುಗಳನ್ನು ಜೋಡಿಸುವ ಬಗೆ ಹಲವು. ಒಂದೇ ಕೀಲಿನದು ಸರಳ, ಗಟ್ಟಿ, ಆದರೆ ಬ್ರೇಕ್ ಹಿಡಿದಾಗ ಹಿಂಬದಿ ಬಿಗಿಯುವ ಸ್ವಭಾವ ಅದಕ್ಕಿದೆ. ಆಸ್ಟ್ರಿಯಾ ಮೂಲದ ಮೋಟೊಕ್ರಾಸ್ ಸವಾರ ಹೋರ್ಸ್ಟ್ ಲೈಟ್ನರ್ ಗಾಲಿಯ ಅಚ್ಚಿನ ಮುಂದೆಯೇ, ಕೆಳಗಿನ ಕವಲಿನಲ್ಲಿ, ಇನ್ನೊಂದು ಕೀಲಿಟ್ಟು ಅದನ್ನು ಬಿಡಿಸಿದ. ಅವನ ಹೆಸರಿನಲ್ಲೇ ಹೋರ್ಸ್ಟ್ ಲಿಂಕ್ ಎಂದು ಕರೆಸಿಕೊಂಡ ಆ ಜೋಡಣೆಯ ಪೇಟೆಂಟನ್ನು 1998ರಲ್ಲಿ ಸ್ಪೆಷಲೈಸ್ಡ್ ಕಂಪನಿ ಕೊಂಡುಕೊಂಡಿತು. ಪುಟ್ಟ ಎರಡು ಕೊಂಡಿಗಳ ಮೇಲೆ ಇಡೀ ಹಿಂಬದಿಯನ್ನು ತೂಗುಬಿಡುವ ಬಗೆಗಳೂ ಇವೆ. ಆದರೆ ಕ್ರಾಸ್ ಕಂಟ್ರಿಯಲ್ಲಿ ಈಚೆಗೆ ಗೆದ್ದಿರುವುದು ಬೇರೆಯೇ ದಾರಿ: ಹಿಂದಿನ ಕೀಲನ್ನೇ ತೆಗೆದುಬಿಡುವುದು. ಗಾಲಿ ಆಡುವುದು ಹತ್ತು ಹನ್ನೆರಡು ಸೆಂಟಿಮೀಟರ್ ಮಾತ್ರವಾದ್ದರಿಂದ ಅಲ್ಲಿನ ಕವಲು ಬಾಗಬೇಕಾದದ್ದು ಕೆಲವೇ ಡಿಗ್ರಿ. ಕಾರ್ಬನ್ ಎಳೆಗಳನ್ನು ಆ ಜಾಗದಲ್ಲಿ ತೆಳ್ಳಗೆ, ಚಪ್ಪಟೆಯಾಗಿ ಹಾಸಿದರೆ ಕವಲೇ ಬಿದಿರ ದಬ್ಬೆಯಂತೆ ಬಾಗಿ ಮರಳುತ್ತದೆ. ಬೇರಿಂಗೂ ಇಲ್ಲ, ಬೋಲ್ಟೂ ಇಲ್ಲ. ಕ್ಯಾನನ್‌ಡೇಲ್ ಕಂಪನಿಯ ಸ್ಕಾಲ್ಪೆಲ್ ಈ ದಾರಿಯನ್ನು 2000ರ ದಶಕದ ಆರಂಭದಲ್ಲೇ ಹಿಡಿದಿತ್ತು. ಈಗ ಹಲವು ಕಂಪನಿಗಳು ಅಲ್ಲಿಗೇ ಬಂದಿವೆ.

ಜೋಡಣೆಯಿಂದ ಉಳಿದ ಕುಣಿತವನ್ನು ಶಾಕ್ ತಾನೇ ನಿಲ್ಲಿಸಬೇಕು. ಹ್ಯಾಂಡಲಿನ ಮೇಲೊಂದು ಗುಂಡಿ ಇಟ್ಟು, ಏರಿನಲ್ಲಿ ಶಾಕನ್ನು ಬಿಗಿದು ಇಳಿಜಾರಿನಲ್ಲಿ ಬಿಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಸ್ಪೆಷಲೈಸ್ಡಿನ ಎಪಿಕ್ ಫ್ರೇಮಿನಲ್ಲಿ ಬಂದ ಬ್ರೇನ್ ಎಂಬ ಏರ್ಪಾಟು ನನಗೆ ಇಂದಿಗೂ ಬೆರಗು. ಹಿಂದಿನ ಗಾಲಿಯ ಪಕ್ಕದಲ್ಲೇ ಒಂದು ಕೊಳವೆ, ಅದರಲ್ಲಿ ಸಣ್ಣ ಸ್ಪ್ರಿಂಗಿನ ಮೇಲೆ ಕೂತ ಲೋಹದ ಗುಂಡು. ಕಾಲಿನ ಒತ್ತಡ ಮೇಲಿನಿಂದ ಬಂದರೆ ಗುಂಡು ಕದಲುವುದಿಲ್ಲ, ಎಣ್ಣೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಕಲ್ಲು ಕೆಳಗಿನಿಂದ ಗುದ್ದಿದರೆ ಕೊಳವೆ ಥಟ್ಟನೆ ಮೇಲೇರಿ ಗುಂಡು ಹಿಂದುಳಿಯುತ್ತದೆ, ಬಾಗಿಲು ತೆರೆಯುತ್ತದೆ. ನೆಲದ ಮಾತಿಗೂ ಕಾಲಿನ ಮಾತಿಗೂ ವ್ಯತ್ಯಾಸ ಕಾಣುವ ಗುಂಡು! ಕೊರತೆಯೂ ಇತ್ತು. ಮೊದಲ ಕಲ್ಲಿನ ಪೆಟ್ಟು ಮೈಗೆ ತಾಗಿದ ಮೇಲೆಯೇ ಅದು ಎಚ್ಚರಾಗುತ್ತಿತ್ತು. ಈಗ ಬ್ಯಾಟರಿ, ಸೆನ್ಸರುಗಳ ಶಾಕ್ ಕ್ರಾಸ್ ಕಂಟ್ರಿಗೂ ಬಂದಿದೆ.

ಇಷ್ಟು ತಿಳಿದುಕೊಂಡು ಹಂಪಿಯ ಕಡೆ ಹೊರಡೋಣ. ಇಲ್ಲಿನ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಬಿಸಿಲು, ಮಳೆ, ಗಾಳಿ ತಿಂದು ತಿಂದು ಮೈ ಒರಟಾಗಿದೆ. ಉಪ್ಪಿನ ಹರಳಿನಂಥ ಅದರ ಕಾಳುಗಳನ್ನು ಟಯರು ಬೆಕ್ಕಿನ ಉಗುರಿನಂತೆ ಹಿಡಿಯುತ್ತದೆ. ಒಣಗಿದ ಹಾಸುಬಂಡೆಯ ಮೇಲೆ ಸೈಕಲ್ ಜಾರುವುದೆಂದರೆ ಅಪರೂಪ. ಸಾಣಾಪುರ ಕೆರೆಯ ಸುತ್ತಿನಲ್ಲಿ, ಆನೆಗೊಂದಿಯ ಹಿಂದಿನ ದಿನ್ನೆಗಳಲ್ಲಿ, ಇಪ್ಪತ್ತು ಮೂವತ್ತು ಹೆಜ್ಜೆಯ ಕಡಿದಾದ ಏರು, ಏರಿನ ನಡುವೆ ಗೇಣುದ್ದದ ಮೆಟ್ಟಿಲು, ಮೇಲೆ ಹೋದರೆ ಅಷ್ಟೇ ಕಡಿದಾದ ಇಳಿತ. ಹಾರ್ಡ್‌ಟೇಲಿನಲ್ಲಿ ಆ ಗೇಣು ಮೆಟ್ಟಿಲು ಎದುರಾದಾಗ ಸೀಟಿನಿಂದ ಎದ್ದು, ಮೈಯನ್ನು ಮುಂದೆ ತಳ್ಳಿ, ಹಿಂದಿನ ಗಾಲಿಯನ್ನು ಎತ್ತಿ ಇಡಬೇಕು. ಒಂದೇ ಒಂದು ಕ್ಷಣ ತಪ್ಪಿದರೂ ಗಾಲಿ ಸುಮ್ಮನೆ ಸುತ್ತಿ ಕಾಲು ನೆಲಕ್ಕೆ. ಎರಡು ಶಾಕಿನ ಫ್ರೇಮಿನಲ್ಲಿ ನಾನು ಕೂತಲ್ಲೇ ಕೂತು ತುಳಿಯುತ್ತೇನೆ, ಗಾಲಿ ಮೆಟ್ಟಿಲಿಗೆ ತಾಗಿ ತಾನೇ ಮಡಿಚಿಕೊಂಡು ಏರುತ್ತದೆ. ಹತ್ತುವುದರಲ್ಲಿ ಹಾರ್ಡ್‌ಟೇಲ್ ಮುಂದು ಎಂಬ ಮಾತು ಡಾಂಬರಿಗೆ ಸರಿ. ಹಂಪಿಯ ಬಂಡೆಗೆ ತಿರುಗುಮುರುಗು.

ಇಲ್ಲೊಂದು ಕಿವಿಮಾತು ಬೇಕು. ಕಡಿದಾದ ಬಂಡೆಯಲ್ಲಿ ಮೈಭಾರಕ್ಕೆ ಹಿಂದಿನ ಶಾಕ್ ಕುಗ್ಗುವುದರಿಂದ ಸೀಟು ಇನ್ನಷ್ಟು ಹಿಂದಕ್ಕೆ ವಾಲಿ ಮುಂದಿನ ಗಾಲಿ ಏಳುತ್ತದೆ. ಇದಕ್ಕಾಗಿಯೇ ಹೊಸ ಫ್ರೇಮುಗಳಲ್ಲಿ ಸೀಟಿನ ಕೊಳವೆಯನ್ನು 73 ಡಿಗ್ರಿಯಿಂದ 75–76ಕ್ಕೆ ನೆಟ್ಟಗೆ ಮಾಡಿದ್ದಾರೆ. ಹಳೆಯ ಫ್ರೇಮು ಕೊಳ್ಳುವವರು ಈ ಕೋನವನ್ನು ವಿಚಾರಿಸಿಯೇ ಕೊಳ್ಳಲಿ. ಹಾಗೆಯೇ, ಬಂಡೆ ಎಂದರೆ ಊರ ಹೊರಗಿನ ಬಂಡೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಮಂಟಪದ ಜಗಲಿ, ಕೋಟೆಯ ಮೆಟ್ಟಿಲು, ಪುಷ್ಕರಣಿಯ ಸೋಪಾನ ಇವು ಸೈಕಲ್ ಆಟಕ್ಕಲ್ಲ. ಶಾಕ್ ಎಷ್ಟು ಮೆತ್ತಗಿದ್ದರೂ ಐನೂರು ವರ್ಷದ ಕಲ್ಲಿನ ಅಂಚಿಗೆ ಟಯರಿನ ಪೆಟ್ಟು ಪೆಟ್ಟೇ.

ಕಂಪ್ಲಿಯ ಕಡೆ ಹೇಳುವುದು ಕಡಿಮೆ. ಕಾಲುವೆ ಏರಿಯ ಮೇಲೆ ಬಾಳೆ, ಕಬ್ಬು, ಭತ್ತದ ಗದ್ದೆಗಳ ನಡುವೆ ಮೈಲುಗಟ್ಟಲೆ ಮಟ್ಟಸವಾದ ದಾರಿ. ಅಲ್ಲಿ ಹಿಂದಿನ ಶಾಕ್ ಬರೀ ಹೊರೆ, ಬಿಗಿದು ತುಳಿಯುವುದೇ ಸರಿ. ಮಳೆಗಾಲದಲ್ಲಿ ಎರೆಹೊಲದ ದಾರಿಗೆ ಇಳಿದರೆ ಯಾವ ಫ್ರೇಮೂ ಒಂದೇ. ನೂರು ಗಜ ಹೋಗುವಷ್ಟರಲ್ಲಿ ಮಣ್ಣು ಟಯರಿಗೆ ರೊಟ್ಟಿ ಹಿಟ್ಟಿನಂತೆ ಸುತ್ತಿಕೊಂಡು ಕವಲಿಗೂ ಗಾಲಿಗೂ ನಡುವಿನ ಸಂದು ತುಂಬಿ ಗಾಲಿ ನಿಂತುಬಿಡುತ್ತದೆ. ಎರಡು ಶಾಕಿನ ಫ್ರೇಮಿನಲ್ಲಿ ಆ ಸಂದಿನಲ್ಲೇ ಕೀಲು, ಕೊಂಡಿಗಳೂ ಇರುವುದರಿಂದ ಕಡ್ಡಿ ಹಾಕಿ ಕೆರೆಯುವ ಕೆಲಸ ಜಾಸ್ತಿ. ಹೆಗಲ ಮೇಲೆ ಹೊತ್ತು ನಡೆಯುವಾಗಲೂ ತ್ರಿಕೋನದೊಳಗೆ ಶಾಕ್ ಅಡ್ಡ ಬರುತ್ತದೆ.

ಸಂಡೂರಿಗೆ ಬಂದರೆ ಕಥೆಯೇ ಬೇರೆ. ಹೊಸಪೇಟೆಯ ಬಯಲು ಸಮುದ್ರಮಟ್ಟದಿಂದ ಸುಮಾರು 480 ಮೀಟರ್. ಬ್ರಿಟಿಷರು ತಮ್ಮ ಸಿಪಾಯಿಗಳ ಆರೋಗ್ಯಧಾಮ ಮಾಡಿಕೊಂಡಿದ್ದ ರಾಮನದುರ್ಗದ ನೆತ್ತಿ ಸಾವಿರ ಮೀಟರಿನ ಆಸುಪಾಸು. ಅಂದರೆ ಒಂದೇ ಉಸಿರಿನಲ್ಲಿ ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಬೇಕು. ಇಂಥ ಉದ್ದನೆಯ ಏರಿನಲ್ಲಿ ಒಂದು ಕಿಲೋ ಹೆಚ್ಚಿನ ತೂಕ ತೊಡೆಗೆ ತಿಳಿಯುತ್ತದೆಯೇ? ತಿಳಿಯುತ್ತದೆ. ಆದರೆ ಸವಾರ, ಸೈಕಲ್, ನೀರು ಎಲ್ಲ ಸೇರಿ ಎಂಬತ್ತು ಕಿಲೋ ಏರುತ್ತಿರುವಾಗ ಒಂದು ಕಿಲೋ ಎಂದರೆ ಎಂಬತ್ತರಲ್ಲಿ ಒಂದು ಪಾಲು. ಗಂಟೆಯ ಏರಿಗೆ ಮುಕ್ಕಾಲು ನಿಮಿಷ. ಗರಸು ಕಿತ್ತುಹೋದ ದಾರಿಯಲ್ಲಿ ಆ ಮುಕ್ಕಾಲು ನಿಮಿಷವನ್ನು ನೆಲ ಬಿಡದ ಗಾಲಿ ವಾಪಸ್ ಕೊಡುತ್ತದೆ. ಇಳಿಯುವಾಗಂತೂ ಸಾಲ ಬಡ್ಡಿ ಸಮೇತ ತೀರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಟ್ಟವೆಲ್ಲ ಹಸಿರಾಗಿ, ಅದರ ನಡುವೆ ಕೆಂಪು ದಾರಿ ಇಳಿಯುವ ಚೆಂದಕ್ಕೆ ನಾನು ವರ್ಷವಿಡೀ ಕಾಯುತ್ತೇನೆ.

ಆ ಕೆಂಪೇ ಇಲ್ಲಿನ ದೊಡ್ಡ ಶತ್ರು. ಅದಿರಿನ ಧೂಳು ಹೊಲದ ಧೂಳಿನಂತಲ್ಲ, ಕಬ್ಬಿಣದ ಹಿಟ್ಟು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಲಾರಿಗಳ ಸಾಲು ಈ ಸೀಮೆಯ ಮರಗಿಡಗಳಿಗೆಲ್ಲ ಕೆಂಪು ಬಳಿದಿತ್ತು. ಆಮೇಲೆ ಗಣಿಗಳು ಅಂಕೆಯಲ್ಲಿ ಮತ್ತೆ ತೆರೆದವು. ಧೂಳು ಕಡಿಮೆಯಾಗಿದೆ, ಹೋಗಿಲ್ಲ. ಎಣ್ಣೆಯ ಪಸೆ ಇದ್ದಲ್ಲೆಲ್ಲ ಅದು ಕೂತು ಅರೆಯುವ ಹಿಟ್ಟಾಗುತ್ತದೆ. ಶಾಕಿನ ನುಣುಪಾದ ದಂಡ, ಅದರ ಬಾಯಿಯ ರಬ್ಬರ್ ಸೀಲು, ಕೀಲುಗಳ ಬೇರಿಂಗು, ಫೋರ್ಕಿನ ಕಾಲು ಎಲ್ಲಕ್ಕೂ ಅದೇ ಗತಿ. ರಾಕ್‌ಶಾಕ್ಸ್ ಕಂಪನಿ ಹಿಂದಿನ ಶಾಕಿನ ಗಾಳಿಕೋಣೆಯನ್ನು 50 ಗಂಟೆಯ ಸವಾರಿಗೊಮ್ಮೆ ಬಿಚ್ಚಿ ಶುಚಿ ಮಾಡಲು, ಡ್ಯಾಂಪರನ್ನು 200 ಗಂಟೆಗೊಮ್ಮೆ ಪೂರ್ತಿ ಸರ್ವಿಸ್ ಮಾಡಲು ಹೇಳುತ್ತದೆ. ಸಂಡೂರಿನ ದಾರಿಯಲ್ಲಿ ನಾನು ಆ ಅವಧಿಯನ್ನು ಅರ್ಧಕ್ಕೆ ಇಳಿಸಿದ್ದೇನೆ. ಕೀಲಿಲ್ಲದ, ಬಾಗುವ ಕವಲಿನ ಫ್ರೇಮು ಇಲ್ಲಿಯವರಿಗೆ ಹೆಚ್ಚು ಒಪ್ಪುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಅಂಗಡಿಯವರು ಅದನ್ನು ಹಗುರವೆಂದು ಹೊಗಳುತ್ತಾರೆ. ನಮಗೆ ಮುಖ್ಯ, ಧೂಳು ನುಗ್ಗಲು ಎರಡು ಬಾಗಿಲು ಕಡಿಮೆ ಎಂಬುದು. ಶಾಕನ್ನೇ ಫ್ರೇಮಿನ ಹೊಟ್ಟೆಯೊಳಗೆ ಬಚ್ಚಿಡುವ ವಿನ್ಯಾಸವನ್ನು ಸ್ಕಾಟ್ ಕಂಪನಿ 2021ರಲ್ಲಿ ಸ್ಪಾರ್ಕ್ ಫ್ರೇಮಿಗೆ ತಂದಿತು. ಧೂಳಿನ ಸೀಮೆಗೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ಸವಾರಿಯ ನಂತರ ಶಾಕಿನ ದಂಡವನ್ನು ಕಣ್ಣಾರೆ ನೋಡಿ ಒರೆಸುವ ಅಭ್ಯಾಸದವನಿಗೆ ಮಾತ್ರ ಅದು ಸ್ವಲ್ಪ ಕಸಿವಿಸಿ.

ಲಾರಿಗಳು ಬಿಟ್ಟುಹೋದ ಇನ್ನೊಂದು ಗುರುತು, ದಾರಿಯ ಮೇಲಿನ ಅಲೆಗಳು. ತಗಡಿನ ಶೀಟಿನಂತೆ ಗೇಣು ಗೇಣಿಗೆ ಏರಿಳಿಯುವ ಗರಸು. ಕುಗ್ಗಿದ ಶಾಕ್ ಮರಳಿ ಹಿಗ್ಗುವ ವೇಗಕ್ಕೆ ರೀಬೌಂಡ್ ಎನ್ನುತ್ತಾರೆ. ಅದನ್ನು ಹೊಂದಿಸಲು ಶಾಕಿನಲ್ಲೇ ಒಂದು ತಿರುಪು ಇದೆ. ತೀರಾ ನಿಧಾನಕ್ಕೆ ಇಟ್ಟರೆ, ಮೊದಲ ಅಲೆಗೆ ಕುಗ್ಗಿದ್ದು ಹಿಗ್ಗುವ ಮೊದಲೇ ಎರಡನೆಯದು ಬಂದು, ಮತ್ತೆ ಕುಗ್ಗಿ, ಹತ್ತು ಅಲೆಗೆ ಪೂರ್ತಿ ತಳ ಹಿಡಿದು ಕಲ್ಲಾಗುತ್ತದೆ. ತನ್ನ ಸೈಕಲ್ಲಿನ ಶಾಕ್ ಬಿರುಸೆಂದು ದೂರುವ ಬಹುಪಾಲು ಸವಾರರ ಕಾಯಿಲೆ ಇದೇ. ಗಾಳಿ ಇಳಿಸುತ್ತಾರೆ, ಇನ್ನೂ ಕೆಡುತ್ತದೆ. ತಿರುಪನ್ನು ಎರಡು ಕ್ಲಿಕ್ ಬಿಟ್ಟರೆ ಅದೇ ಫ್ರೇಮು ಬೇರೆಯಾಗುತ್ತದೆ.

ಗಾಳಿಯ ವಿಷಯವನ್ನೂ ಹೇಳಿಬಿಡಬೇಕು. ಸವಾರ ಸುಮ್ಮನೆ ಕೂತಾಗಲೇ ಶಾಕ್ ಇಳಿಯುವ ಅಳತೆಗೆ ಸ್ಯಾಗ್ ಎಂದು ಹೆಸರು. ಕ್ರಾಸ್ ಕಂಟ್ರಿಗೆ ಅದು ಶೇಕಡಾ 20ರಿಂದ 25. ಗಾಲಿ 120 ಮಿಲಿಮೀಟರ್ ಆಡುವ ಫ್ರೇಮಿನಲ್ಲಿ ಶಾಕಿನ ದಂಡ ಚಲಿಸುವುದು 45 ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಕೂತಾಗ ದಂಡದ ಮೇಲಿನ ರಬ್ಬರ್ ಬಳೆ 9ರಿಂದ 11 ಮಿಲಿಮೀಟರ್ ಸರಿಯಬೇಕು. ಈ ಇಳಿತ ಯಾಕೆಂದರೆ ಹಳ್ಳಕ್ಕೆ ಗಾಲಿ ಕೈ ಚಾಚಲು ಅಷ್ಟು ಜಾಗ ಬೇಕು. ಪಂಪು ಹಿಡಿದು ಇದನ್ನು ಹೊಂದಿಸದವರು ಎಷ್ಟು ದುಬಾರಿ ಫ್ರೇಮು ಕೊಂಡರೂ ಹಾರ್ಡ್‌ಟೇಲನ್ನೇ ತುಳಿಯುತ್ತಿರುತ್ತಾರೆ. ಬಳ್ಳಾರಿಯ ಬಿಸಿಲು ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ ತುಂಬಿದ ಗಾಳಿ ಮಧ್ಯಾಹ್ನ 40 ಡಿಗ್ರಿಗೆ ಕಾದರೆ ಒತ್ತಡ ಶೇಕಡಾ 7ರ ಹತ್ತಿರ ಏರುತ್ತದೆ. ಡ್ಯಾಂಪರಿನ ಎಣ್ಣೆ ತೆಳುವಾಗಿ ಶಾಕ್ ಬೇಗ ಮರಳತೊಡಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಕಪ್ಪು ಫ್ರೇಮನ್ನು ಬಂಡೆಗೆ ಒರಗಿಸಿ ಊಟಕ್ಕೆ ಕೂತವರು ಎದ್ದು ಹೊರಟಾಗ, ಸೈಕಲ್ ಯಾಕೋ ಪುಟಿಯುತ್ತಿದೆ ಎನ್ನುವುದು ಸುಳ್ಳಲ್ಲ. ನೆರಳಲ್ಲಿ ನಿಲ್ಲಿಸಿ.

ಕೊನೆಗೆ ದರೋಜಿಯ ಸ್ವಂತ ನೆಲ, ಕುರುಚಲು ಕಾಡಿನ ಅಂಚಿನ ಬಂಡಿ ಜಾಡುಗಳು. ಉಸುಕು, ನಡುನಡುವೆ ತಲೆ ಎತ್ತಿದ ಕಲ್ಲು, ಎರಡೂ ಕಡೆ ಮುಳ್ಳು. ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೂ ತೂರುತ್ತದೆ. ನೆಲಕ್ಕೆ ಅಂಟಿ ಹರಡುವ ನೆಗ್ಗಿಲು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಟ್ಯೂಬ್ ಹಾಕಿದ ಟಯರಿನಲ್ಲಿ ಇಲ್ಲಿ ಒಂದು ದಿನ ಓಡಿಸಿದರೆ ಪಂಚರ್ ಅಂಟಿಸುವುದೇ ದಿನದ ಕೆಲಸ. ಟ್ಯೂಬ್ ತೆಗೆದು, ಒಳಗೆ ಅಂಟುದ್ರವ ಹಾಕಿ, 2.3 ಅಥವಾ 2.4 ಇಂಚಿನ ಟಯರನ್ನು 20–25 ಪಿಎಸ್‌ಐ ಒತ್ತಡದಲ್ಲಿ ಇಟ್ಟರೆ ಮುಳ್ಳು ಚುಚ್ಚಿದ ತೂತು ಅಲ್ಲೇ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ದ್ರವ ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆ ತುಂಬಬೇಕು. ಟಯರೇ ಮೊದಲ ಶಾಕ್ ಎಂಬುದನ್ನು ಮರೆಯಬಾರದು. ಫ್ರೇಮಿನ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿ, ಟಯರಿನ ಗಾಳಿಯನ್ನು ಕೈಯಿಂದ ಅಮುಕಿ ನೋಡಿ ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪ್ಯಾರಿಸಿನಲ್ಲಿ ಪಿಡ್ಕಾಕ್ ಪಂದ್ಯದ ನಡುವೆ ಹಿಂದೆ ಬಿದ್ದದ್ದು ಪಂಚರಿನಿಂದ, ಫ್ರೇಮಿನಿಂದಲ್ಲ. ಕಳೆದುಕೊಂಡ ಸೆಕೆಂಡುಗಳನ್ನು ಮತ್ತೆ ಗಳಿಸಿ ಗೆದ್ದದ್ದು ಅವನ ಕಾಲಿನ ಕಸುವು.

ಮತ್ತೆ ಕರಡಿ. 1994ರಲ್ಲಿ ಬಿಳಿಕಲ್ಲು ಅರಣ್ಯದಲ್ಲಿ ಕರಡಿಗಳಿಗೆಂದೇ ಸುಮಾರು 56 ಚದರ ಕಿಲೋಮೀಟರಿನ ಧಾಮ ಘೋಷಣೆಯಾಯಿತು. ಧಾಮದೊಳಗೆ ಸೈಕಲ್ ಸವಾರಿಗೆ ನಮಗೆ ಹಕ್ಕಿಲ್ಲ, ಇರಲೂಬಾರದು. ನಾನು ಹೇಳುತ್ತಿರುವುದು ಹೊರಗಿನ ಹಳ್ಳಿ ದಾರಿಗಳನ್ನು. ಹಗಲಲ್ಲಿ ಬಂಡೆಗಳ ಗವಿಯಲ್ಲಿ ಮಲಗುವ ಕರಡಿ ಹೊತ್ತು ಇಳಿಯುತ್ತಿದ್ದಂತೆ ಗೆದ್ದಲು, ಹಣ್ಣು ಹುಡುಕಿ ಹೊರಬೀಳುತ್ತದೆ, ಹೊಲದವರೆಗೂ ಬರುತ್ತದೆ. ಅದು ಮೇಲೆ ಬೀಳುವುದು ಬಹುತೇಕ ಬೆಚ್ಚಿಬಿದ್ದಾಗ. ಒಳ್ಳೆಯ ಶಾಕಿನ ಸೈಕಲ್ ಸದ್ದಿಲ್ಲದೆ, ವೇಗವಾಗಿ, ತಿರುವಿನಲ್ಲಿ ಎದುರಾಗುವ ವಸ್ತು. ಹಾಗಾಗಿ ನಾಲ್ಕು ಗಂಟೆಯ ನಂತರ ನಾನು ಆ ಜಾಡುಗಳಿಗೆ ಇಳಿಯುವುದಿಲ್ಲ, ಹಗಲಲ್ಲೂ ಗಂಟೆ ಬಾರಿಸುತ್ತಲೇ ಹೋಗುತ್ತೇನೆ. ಹಿತ್ತಾಳೆಯ ಆ ಹಳೆಯ ಗಂಟೆ ಹೊಸ ಸೈಕಲ್ಲಿನ ಮೇಲೆ ಕಾಣಲು ಹೊಂದುವುದಿಲ್ಲ ಎನ್ನುವವರಿಗೆ ಇದೇ ನನ್ನ ಉತ್ತರ.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ಒಳ್ಳೆಯ ಎರಡು ಶಾಕಿನ ಕ್ರಾಸ್ ಕಂಟ್ರಿ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿ. ಕಡಿಮೆ ಬೆಲೆಯ ಎರಡು ಶಾಕಿನದಕ್ಕಿಂತ ಅದೇ ಹಣದ ಹಾರ್ಡ್‌ಟೇಲ್ ಯಾವಾಗಲೂ ಮೇಲು, ಇದರಲ್ಲಿ ನನಗೆ ಎರಡು ಮಾತಿಲ್ಲ. ಕಾಲುವೆ ಏರಿ, ಹಳ್ಳಿ ರಸ್ತೆ, ಕಾಲೇಜಿಗೆ ಹೋಗಿಬರುವುದು, ವಾರಕ್ಕೊಮ್ಮೆ ಹಂಪಿ ಸುತ್ತು ಇಷ್ಟಕ್ಕೆ ಹಾರ್ಡ್‌ಟೇಲ್ ಸಾಕು. ಕಲಿಯುವ ಹುಡುಗರಿಗೂ ಅದೇ ಇರಲಿ. ಕಲ್ಲನ್ನು ಮೈಯಿಂದ ಓದಲು ಕಲಿಸುವುದು ಗಟ್ಟಿ ಹಿಂಬದಿಯೇ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಸೈಕಲ್ ಸ್ಪರ್ಧೆಗಳಲ್ಲಿ ರಾಜ್ಯಕ್ಕೆ ಪದಕ ತಂದದ್ದು ದುಬಾರಿ ಸಾಮಾನಿನಿಂದಲ್ಲ. ಆದರೆ ಬಂಡೆ, ಬೆಟ್ಟಗಳ ಮೇಲೆ ಮೂರು ನಾಲ್ಕು ಗಂಟೆ ಕಳೆಯುವವರಿಗೆ, ಅದಕ್ಕಿಂತಲೂ ನಲವತ್ತು ದಾಟಿ ಸೊಂಟದ ನೋವಿನ ಪರಿಚಯವಾದವರಿಗೆ, 120 ಮಿಲಿಮೀಟರಿನ ಎರಡು ಶಾಕಿನ ಫ್ರೇಮು ಈ ನೆಲದಲ್ಲಿ ಸವಾರಿಯ ಆಯುಷ್ಯವನ್ನು ಹೆಚ್ಚಿಸುತ್ತದೆ. ಮೂರನೆಯ ಗಂಟೆಯಲ್ಲಿ ಹಾರ್ಡ್‌ಟೇಲಿನ ಸವಾರ ದಾರಿ ಆರಿಸುವುದನ್ನು ಬಿಟ್ಟು ಸುಮ್ಮನೆ ಹೊಡೆಸಿಕೊಳ್ಳತೊಡಗುತ್ತಾನೆ, ಬೀಳುವುದು ಆಗ. ಎರಡು ಶಾಕಿನವನ ಕಣ್ಣು, ಕೈ ಇನ್ನೂ ಚುರುಕಾಗಿರುತ್ತವೆ. ಅದಕ್ಕಿಂತ ಹೆಚ್ಚಿನ ಚಲನೆಯ, 140–150 ಮಿಲಿಮೀಟರಿನ ಫ್ರೇಮು ಇಲ್ಲಿ ಬೇಡ. ಅಷ್ಟನ್ನು ಬಳಸುವ ಇಳಿಜಾರು ನಮ್ಮಲ್ಲಿ ಕಡಿಮೆ, ಹೊತ್ತು ಹತ್ತುವ ಶ್ರಮ ಮಾತ್ರ ಪೂರ್ತಿ.

ಹೋದ ಚಳಿಗಾಲದಲ್ಲಿ ಬಂಡೆ, ಗರಸು, ಉಸುಕು ಎಲ್ಲ ಮುಗಿಸಿ ಮತ್ತೆ ಕೆರೆ ಏರಿಗೆ ಬಂದು ನಿಂತಾಗ ಮೂರೂವರೆ ಗಂಟೆ. ಸೈಕಲ್ ಒರಗಿಸಿ ಬಗ್ಗಿ ನೋಡಿದೆ. ದಂಡದ ಮೇಲಿನ ರಬ್ಬರ್ ಬಳೆ ತುದಿಗೆ ಬಂದು ನಿಂತಿತ್ತು, ಮೂರು ಮಿಲಿಮೀಟರ್ ಉಳಿದಿತ್ತು. ಅದು ಸಾಣಾಪುರದ ಕೊನೆಯ ಇಳಿತದ ಗುರುತು ಎಂದು ಮೈ ಹೇಳಿತು. ಬಳೆಯ ಆಚೆ, ಸೀಲಿನ ಬಾಯಿಗೆ ಕಟ್ಟಿದ ಹಾಗೆ, ಕೂದಲೆಳೆಯಷ್ಟು ಕೆಂಪು ಗೆರೆ. ಹಳೆಯ ಪಂಚೆಯ ತುಂಡಿನಿಂದ ಅದನ್ನು ಒರೆಸಿ, ಬಳೆಯನ್ನು ಮತ್ತೆ ಕೆಳಕ್ಕೆ ಸರಿಸಿಟ್ಟೆ.